ಏಣಿ ವಾಪಸ್ ಕೊಡದ ಪಾಲುದಾರ

ಮೂರುಪ್ರತಿಯವರಿಗೆ ಆ ಹೆಸರು ಹೆತ್ತವರು ಇಟ್ಟದ್ದಲ್ಲ. ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಹಿಂದೆ ಕೂತು, ಎದುರಿಗೆ ಬಂದವರನ್ನೆಲ್ಲ "ಮೂರು ಪ್ರತಿ ತಂದಿದ್ದೀರಾ?" ಎಂದು ಕೇಳಿ ಕೇಳಿ ತಾವೇ ಸಂಪಾದಿಸಿಕೊಂಡದ್ದು. ಈಗ ಅವರ ನಿಜವಾದ ಹೆಸರು ಹೇಳಿದರೆ ಬೀದಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಂಚೆಯವನಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ನಾನೂ ಹೇಳುವುದಿಲ್ಲ.

ಅವರ ಕಚೇರಿಯ ಕೆಲಸ ಮಾತ್ರ ಬಹಳ ದೊಡ್ಡದು. ಇಲ್ಲಿನ ಸಂಸ್ಥೆಯೊಂದು ಬೇರೆ ದೇಶದ ಸಂಸ್ಥೆಯ ಜೊತೆ ಕೈಜೋಡಿಸಿ ಏನಾದರೂ ಮಾಡಬೇಕೆಂದರೆ ಮೊದಲು ಒಂದು ಪ್ರಸ್ತಾವನೆ ಬರೆದು ಈ ಕಚೇರಿಗೆ ಕೊಡಬೇಕು. ನಾಲ್ವರು ಮೌಲ್ಯಮಾಪಕರು ಅದನ್ನು ಓದಿ, ಆರು ಮಾನದಂಡಗಳ ಮೇಲೆ ಐದೈದು ಅಂಕದಂತೆ ತೂಗಿ ನೋಡಿ, ವರ್ಷಕ್ಕೆ ಐದೇ ಐದನ್ನು ಆರಿಸಿ ಮೇಲಕ್ಕೆ ಕಳಿಸುತ್ತಾರೆ. ಆರನೆಯದಕ್ಕೆ ಜಾಗ ಇಲ್ಲ. ಈ ಮಹಾಕಾರ್ಯದಲ್ಲಿ ಮೂರುಪ್ರತಿಯವರ ಪಾಲು ಇಷ್ಟು: ಬಂದ ಕಾಗದ ತೆಗೆದುಕೊಳ್ಳುವುದು, ಪುಟ ಎಣಿಸುವುದು, ಠಪ್ಪೆಂದು ಮೊಹರು ಹಾಕುವುದು, ದಾಖಲೆ ಪುಸ್ತಕದಲ್ಲಿ ನಂಬರು ಕೊಡುವುದು, ಪ್ರತಿಗಳನ್ನು ಒಳಗೆ ಕಳಿಸುವುದು. ಒಳಗೆ ಏನು ಬರೆದಿದೆ ಎಂದು ಅವರು ಓದಿದವರಲ್ಲ. ಅಡಿಗೆಯವನು ಊಟದ ಪಂಕ್ತಿಯಲ್ಲಿ ಕೂರಬಾರದು ಎಂಬ ಮರ್ಯಾದೆ ಅವರದು.

ಒಂದೇ ಒಂದನ್ನು ಓದಿದ್ದರು. ಅದು ಹನ್ನೊಂದನೇ ನಂಬರು. ಕಿವಿ ಕೇಳದ ಮಕ್ಕಳ ಶಾಲೆಯ ಟೀಚರೊಬ್ಬರು ಎರಡು ಬಸ್ಸು ಬದಲಾಯಿಸಿ ತಂದುಕೊಟ್ಟದ್ದು. ಮೂರು ಪ್ರತಿ, ನಲವತ್ತೆರಡು ಪುಟ, ಪ್ರತಿ ಪುಟದ ಮೂಲೆಯಲ್ಲೂ ಪೆನ್ಸಿಲಿನಲ್ಲಿ ಬರೆದ ಪುಟಸಂಖ್ಯೆ. ಕೇಳುವ ಮೊದಲೇ ಮೂರು ಪ್ರತಿ ಮುಂದಿಟ್ಟ ಮೊದಲ ಮನುಷ್ಯಪ್ರಾಣಿ ಅವರು. ಮೂರುಪ್ರತಿಯವರು ಎಣಿಸುವುದನ್ನು ಬಿಟ್ಟು ಓದತೊಡಗಿದರು.

"ನನ್ನದು ಈ ವರ್ಷ ನಿವೃತ್ತಿ ಸಾರ್," ಎಂದಿದ್ದರು ಟೀಚರು. "ನಮ್ಮ ಶಾಲೇಲಿ ಕೈಸನ್ನೇಲಿ ಪಾಠ ಮಾಡೋಕೆ ಬರೋದು ನನಗೊಬ್ಬಳಿಗೇ. ಆಚೆ ದೇಶದ ಶಾಲೆಯೋರು ನಮ್ಮ ನಾಲ್ಕು ಜನಕ್ಕೆ ಕಲಿಸ್ಕೊಡ್ತೀವಿ ಅಂದಿದ್ದಾರೆ. ಇದು ಆಗ್ಲಿಲ್ಲ ಅಂದ್ರೆ ನಾನು ಹೋದ್ಮೇಲೆ ಆ ಮಕ್ಕಳ ಜೊತೆ ಮಾತಾಡೋರೇ ಇರೋಲ್ಲ."

"ನೀವು ನಿಶ್ಚಿಂತೆಯಿಂದ ಹೋಗಿ ಟೀಚರ್. ನಿಮ್ಮದು ಎಲ್ಲಾ ಸರಿ ಇದೆ," ಎಂದಿದ್ದರು ಮೂರುಪ್ರತಿಯವರು. ಸರಿ ಇದೆ ಎಂದದ್ದು ಪುಟಸಂಖ್ಯೆಗೆ. ಟೀಚರು ತಿಳಿದುಕೊಂಡದ್ದು ಎಲ್ಲದಕ್ಕೆ.

ಹೀಗಿರುವಾಗ ನಾಲ್ವರು ಮೌಲ್ಯಮಾಪಕರಲ್ಲಿ ಒಬ್ಬರು ಕಚೇರಿಯ ಮೆಟ್ಟಿಲಿನಿಂದಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ನಿಯಮದ ಪ್ರಕಾರ ನಾಲ್ಕು ಸಹಿ ಬೇಕೇ ಬೇಕು. ದೊಡ್ಡ ಸಾಹೇಬರು ಬಾಗಿಲಿಗೆ ಬಂದು ಅತ್ತ ಇತ್ತ ನೋಡಿದರು. ಕಣ್ಣಿಗೆ ಬಿದ್ದದ್ದು ಮೂರುಪ್ರತಿಯವರು.

"ರೀ, ನಿಮಗೆ ಸಹಿ ಹಾಕೋಕೆ ಬರತ್ತಲ್ವಾ?"

"ಬರತ್ತೆ ಸಾರ್."

"ಹಾಗಾದ್ರೆ ಇವತ್ತಿಂದ ನೀವೂ ಮೌಲ್ಯಮಾಪಕರು. ಈ ನಮೂನೆ ಮನೆಗೆ ತಗೊಂಡು ಹೋಗಿ, ಯಾವುದಾದ್ರೂ ಸುಮ್ನೆ ಒಂದು ಯೋಜನೆ ಇಟ್ಕೊಂಡು ಅಂಕ ಕೊಟ್ಟು ಅಭ್ಯಾಸ ಮಾಡ್ಕೊಳ್ಳಿ. ನಾಳೆಯಿಂದ ನಿಜವಾದ್ದು."

ಆ ಸಂಜೆ ಮೂರುಪ್ರತಿಯವರು ಮನೆಗೆ ನಡೆದು ಬಂದ ಗತ್ತೇ ಬೇರೆ. ಕ್ಷೌರದಂಗಡಿಯವನು "ಏನ್ ಸ್ವಾಮಿ, ಕತ್ತು ಹಿಡ್ಕೊಂಡಿದ್ಯಾ?" ಎಂದು ಕೇಳಿದ. ಹಿಡಿದುಕೊಂಡಿರಲಿಲ್ಲ, ಎತ್ತಿದ್ದರು ಅಷ್ಟೆ.

"ನೋಡು," ಎಂದರು ಹೆಂಡತಿಗೆ, ಚಪ್ಪಲಿಯನ್ನೂ ಬಿಡದೆ. "ಇನ್ನು ಮೇಲೆ ಎರಡು ದೇಶಗಳ ನಡುವೆ ಏನು ಆಗ್ಬೇಕು, ಏನು ಆಗ್ಬಾರ್ದು ಅಂತ ತೀರ್ಮಾನ ಮಾಡೋನು ನಾನು."

ಹೆಂಡತಿ ಬಕೆಟ್ಟಿನ ಮುಂದೆ ಕೂತು ಹೊದಿಕೆ ಹಿಂಡುತ್ತಿದ್ದರು. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಗೋಡೆಯಾಚೆಯ ಕಂಡಕ್ಟರ ಹೆಂಡತಿಯ ಕೈಯಲ್ಲಿ. ಗೋಡೆಯ ಮೇಲಿಂದ ಇಬ್ಬರೂ ಸೇರಿ ತಿರುಚುತ್ತಿದ್ದರು.

"ದೇಶದ್ದು ಹಾಗಿರ್ಲಿ ರೀ," ಎಂದರು ಹೆಂಡತಿ. "ಎರಡು ಮನೆ ನಡುವಿನದ್ದು ಮೊದಲು ತೀರ್ಮಾನ ಮಾಡಿ. ಇವರ ನಾದಿನಿ ಮನೆ ಬದಲಾಯಿಸ್ತಿದ್ದಾರೆ, ಬಟ್ಟೆ ಒಗೆಯೋ ಮಷೀನು ಬಿಟ್ಟು ಹೋಗ್ತಾರಂತೆ. ಎರಡು ಮನೆಗೂ ಸೇರಿ ಒಂದು ಇಟ್ಕೊಳ್ಳೋಣ ಅಂತ. ನಮ್ಮಿಬ್ಬರ ಸೊಂಟಾನೂ ಬಿದ್ದುಹೋಗಿದೆ."

ಬೇರೆ ಯಾವ ದಿನವಾಗಿದ್ದರೂ ಅವರು "ಮಾಡ್ಕೊಳ್ಳಿ" ಎಂದು ಒಳಗೆ ಹೋಗುತ್ತಿದ್ದರು. ಆದರೆ ಅವತ್ತು ಅವರು ಮೌಲ್ಯಮಾಪಕರು. "ಹಾಗೆಲ್ಲ ಆಗೋಲ್ಲ ಕಣೇ," ಎಂದರು. "ಪ್ರಸ್ತಾವನೆ ಬೇಕು. ಮಾನದಂಡ ಇದೆ. ತೀರ್ಮಾನ ಆಗೋವರೆಗೆ ಒಂದು ಮೊಳೆ ಕೂಡಾ ಹೊಡೆಯೋ ಹಾಗಿಲ್ಲ."

ಗೋಡೆಯಾಚೆಯಿಂದ ನಿವೃತ್ತ ಕಂಡಕ್ಟರು ತಲೆ ಎತ್ತಿದರು. ಮೂವತ್ತು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು, ಈಗಲೂ ಮೆತ್ತಗಾಗಿಲ್ಲ. "ಕೊಡಿ ಸ್ವಾಮಿ, ನಮಗೂ ಅಂಕ ಕೊಡಿ! ಶಾಲೇಲಂತೂ ಯಾರೂ ಕೊಡ್ಲಿಲ್ಲ!" ಎಂದು ಬೀದಿ ತುದಿಗೆ ಕೇಳಿಸುವಂತೆ ನಕ್ಕರು.

ಮೂರುಪ್ರತಿಯವರು ನಮೂನೆ ಬಿಡಿಸಿ ಕೂತರು. ಯೋಜನೆಯ ಹೆಸರು: ಗಡಿಯ ಇಬ್ಬದಿಯ ಕುಟುಂಬಗಳಿಗೆ ಬಟ್ಟೆ ಒಗೆಯುವ ಯಂತ್ರದ ಜಂಟಿ ಬಳಕೆ. ನೀರು ಪೂರ್ವದ ಪಕ್ಷದ್ದು, ವಿದ್ಯುತ್ತು ಪಶ್ಚಿಮದ ಪಕ್ಷದ್ದು. ಅಗತ್ಯ: ಐದಕ್ಕೆ ಐದು, ಏಕೆಂದರೆ ಹೆಂಡತಿ ಒದ್ದೆ ಕೈಯಲ್ಲಿ ಹಿಂದೆಯೇ ನಿಂತಿದ್ದರು. ಕಾರ್ಯಸಾಧ್ಯತೆ: ಐದು. ಫಲಾನುಭವಿಗಳ ಪಾಲ್ಗೊಳ್ಳುವಿಕೆ: ಐದು, "ಇವರು ಈಗಾಗಲೇ ಒಟ್ಟಿಗೆ ಹಿಂಡುತ್ತಿದ್ದಾರೆ." ನೆರವು ನಿಂತ ಮೇಲೂ ಉಳಿಯುವ ಶಕ್ತಿ: ಐದು. ಅಪಾಯಗಳ ಅರಿವು: ಐದು, "ಯಾರ ಬಟ್ಟೆ ಮೊದಲು ಎಂಬ ಪ್ರಶ್ನೆ ಪ್ರತಿ ಸೋಮವಾರ ಏಳಬಹುದು."

ಪಾಲುದಾರರ ವಿಶ್ವಾಸಾರ್ಹತೆ ಎಂಬಲ್ಲಿ ಲೇಖನಿ ನಿಂತಿತು. ಮೂರುಪ್ರತಿಯವರು ಗೋಡೆಯತ್ತ ಒಮ್ಮೆ ನೋಡಿದರು. ಎರಡು ವರ್ಷದಿಂದ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಸಂಕಟವೊಂದು ಆಚೆಗೆ ಬಂತು. "ಎರಡು," ಎಂದು ಬರೆದರು. "ಪಶ್ಚಿಮದ ಪಕ್ಷವು ಎರಡು ವರ್ಷದ ಹಿಂದೆ ಪಡೆದ ಏಣಿಯನ್ನು ಇದುವರೆಗೆ ಹಿಂದಿರುಗಿಸಿಲ್ಲ."

ಹೆಂಡತಿ ಓದಿ, "ಥೂ, ಎಷ್ಟು ದಿನ ಅಂತ ಆ ಏಣಿ! ಇದನ್ನ ಅವರ ಕಣ್ಣಿಗೆ ಬೀಳಿಸ್ಬೇಡಿ ಮತ್ತೆ," ಎಂದರು.

"ಬೀಳತ್ತಾ? ಇದು ಅಭ್ಯಾಸದ ಹಾಳೆ," ಎಂದರು ಮೂರುಪ್ರತಿಯವರು.

ಈಗ ಒಂದು ವಿಷಯ ಗಮನಿಸಬೇಕು. ಹತ್ತೊಂಬತ್ತು ವರ್ಷ ಒಂದೇ ಕೆಲಸ ಮಾಡಿದ ಕೈಗೆ ತಲೆಯ ಅಪ್ಪಣೆ ಬೇಕಾಗುವುದಿಲ್ಲ. ಮರುದಿನ ಬೆಳಿಗ್ಗೆ ಚೀಲದಿಂದ ಒಂದು ಹಾಳೆ ಹೊರಗೆ ಬಂತು. ಮೇಜಿನ ಮೇಲೆ ಕೂತಿತು. ಕೈ ಅದನ್ನು ನೋಡಿತು. ಠಪ್. ನಂಬರು ಹದಿನೇಳು. ದಾಖಲೆ ಪುಸ್ತಕದಲ್ಲಿ ಒಂದು ಸಾಲು. ನಕಲು ಯಂತ್ರದ ಗಾಜಿನ ಮೇಲೆ ಇಟ್ಟು ಎರಡು ಪ್ರತಿ ತೆಗೆದು, ಮೂರನ್ನೂ ಒಳಗಿನ ತಟ್ಟೆಗೆ ಹಾಕಿತು. ಅಷ್ಟು ಹೊತ್ತೂ ಮೂರುಪ್ರತಿಯವರ ತಲೆ, ಮೌಲ್ಯಮಾಪಕರಿಗೆ ಗಿರಕಿ ಹೊಡೆಯುವ ಕುರ್ಚಿ ಕೊಡುತ್ತಾರೋ ಇಲ್ಲವೋ ಎಂದು ಯೋಚಿಸುತ್ತಿತ್ತು. ಕುರ್ಚಿ ಕೊಡಲಿಲ್ಲ.

ಗುರುವಾರ ಸಭೆ. ಮೂರುಪ್ರತಿಯವರು ಇಸ್ತ್ರಿ ಅಂಗಿ ಹಾಕಿ ಮೇಜಿನ ತುದಿಯಲ್ಲಿ ಕೂತಿದ್ದರು. ಹದಿನಾರು ಪ್ರಸ್ತಾವನೆ ತಾವು ಓದಿದ್ದೂ ಆಗಿತ್ತು, ಹನ್ನೊಂದನೆಯದಕ್ಕೆ ಮೂವತ್ತಕ್ಕೆ ಇಪ್ಪತ್ತೊಂಬತ್ತು ಕೊಟ್ಟದ್ದೂ ಆಗಿತ್ತು. ಪೂರ್ತಿ ಮೂವತ್ತು ಕೊಟ್ಟರೆ ಪಕ್ಷಪಾತ ಅನ್ನುತ್ತಾರೆಂದು ಒಂದು ಕಡಿಮೆ ಮಾಡಿದ್ದರು.

ಪ್ರೊಫೆಸರು ಗಂಟಲು ಸರಿಮಾಡಿಕೊಂಡರು. ಮೌಲ್ಯಮಾಪಕರಲ್ಲಿ ಹಿರಿಯರು, ಯಾವ ಪ್ರಸ್ತಾವನೆಯನ್ನೂ ಎರಡನೇ ಪುಟದಾಚೆ ಓದದವರು ಎಂದು ಹೆಸರಾದವರು. "ನಾನು ಈ ಕಚೇರಿಗೆ ಬಂದಾಗಿನಿಂದ ಇಂಥದ್ದು ನೋಡಿಲ್ಲ," ಎಂದರು. "ಉಳಿದವೆಲ್ಲ ನಲವತ್ತು, ನೂರು, ನೂರೈವತ್ತು ಪುಟ. ಇದು ಒಂದೇ ಹಾಳೆ! ಅಗತ್ಯ ಏನು ಅಂತ ಒಂದೇ ಸಾಲು. ಫಲಾನುಭವಿಗಳು ಯಾರು ಅಂತ ಗೊತ್ತು. ಮತ್ತೆ ಈ ಪ್ರಾಮಾಣಿಕತೆ ನೋಡಿ, ತಮ್ಮ ಪಾಲುದಾರರ ಬಗ್ಗೆ ಯಾರು ಹೀಗೆ ಬರೀತಾರೆ? 'ಎರಡು ವರ್ಷದ ಹಿಂದೆ ಪಡೆದ ಏಣಿಯನ್ನು ಇದುವರೆಗೆ ಹಿಂದಿರುಗಿಸಿಲ್ಲ.'"

ಮೂರುಪ್ರತಿಯವರು ಆ ಸಾಲನ್ನು ಎಲ್ಲೋ ಓದಿದ ಹಾಗಿದೆ ಎಂದು ಒಂದು ಗಳಿಗೆ ತಮಗೆ ತಾವೇ ಸುಳ್ಳು ಹೇಳಿಕೊಂಡರು.

"ಏಣಿ ಅಂದ್ರೆ ಹಿಂದಿನ ಯೋಜನೇಲಿ ಕೊಟ್ಟ ಸಲಕರಣೆ ಇರ್ಬೇಕು," ಎಂದರು ಪಕ್ಕದ ಮೌಲ್ಯಮಾಪಕರಾದ ಎಂಜಿನಿಯರು. "ಅಗ್ನಿಶಾಮಕದ್ದು."

"ಗಡಿ ವಿವಾದಾನೂ ಇದೆ ಅಂತ ಕಾಣತ್ತೆ. ಆದ್ರೂ ಒಟ್ಟಿಗೆ ಕೆಲಸ ಮಾಡ್ತಿದ್ದಾರೆ, ಎಂಥ ದೊಡ್ಡ ಮನಸ್ಸು!" ಎಂದರು ಇನ್ನೊಬ್ಬರು.

"ಪ್ರಥಮ ಸ್ಥಾನ," ಎಂದರು ದೊಡ್ಡ ಸಾಹೇಬರು. "ಎಲ್ಲರೂ ಒಪ್ಪಿದ್ದೀರಲ್ಲ? ಸಹಿ ಹಾಕಿ."

"ಸಾರ್, ಅದು..." ಎಂದು ಮೂರುಪ್ರತಿಯವರು ಅರ್ಧ ಎದ್ದರು.

"ಒಪ್ಪಿದ್ದೀರಿ ತಾನೆ?"

"ಒಪ್ಪೋ ಪ್ರಶ್ನೆ ಅಲ್ಲ ಸಾರ್..."

"ಹಾಗಾದ್ರೆ ಮುಗೀತು." ಪಟ್ಟಿ ಅವರ ಮುಂದೆ ಬಂತು. ಒಂದು, ಹದಿನೇಳನೇ ನಂಬರು. ಕೆಳಗೆ ಇನ್ನು ನಾಲ್ಕು. ಆಮೇಲೆ ಒಂದು ಗೆರೆ. ಗೆರೆಯ ಕೆಳಗೆ ಮೊದಲನೆಯದು ಹನ್ನೊಂದು. ಕಿವಿ ಕೇಳದ ಮಕ್ಕಳ ಶಾಲೆ ಆರನೆಯದಾಗಿತ್ತು. ಮೂರುಪ್ರತಿಯವರ ಕೈ ಲೇಖನಿ ಹಿಡಿಯಿತು. ಎದುರಿಗೆ ಸಹಿಯ ಜಾಗ ಇತ್ತು. ಹತ್ತೊಂಬತ್ತು ವರ್ಷದ ಕೈ ನೋಡಿ, ಸಹಿ ಹಾಕಿಬಿಟ್ಟಿತು.

ಅವತ್ತಿನಿಂದ ಅವರಿಗೆ ಊಟ ಸೇರಲಿಲ್ಲ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಮನೆಯ ಬಟ್ಟೆ ಬಕೆಟ್ಟನ್ನು ಅಂತರರಾಷ್ಟ್ರೀಯ ಪಟ್ಟಿಯ ತಲೆಯ ಮೇಲೆ ಕೂರಿಸಿದವನನ್ನು ಯಾವ ಕಚೇರಿ ಇಟ್ಟುಕೊಳ್ಳುತ್ತದೆ? ಹೇಳದಿದ್ದರೆ ಟೀಚರ ಮಕ್ಕಳು ಗೆರೆಯ ಕೆಳಗೇ ಉಳಿಯುತ್ತಾರೆ. ಎರಡನ್ನೂ ತೂಗಿ ನೋಡಿದರು. ಆರು ಮಾನದಂಡಗಳಲ್ಲಿ ಯಾವುದೂ ಸಹಾಯಕ್ಕೆ ಬರಲಿಲ್ಲ.

ಶುಕ್ರವಾರ ಧೈರ್ಯ ಮಾಡಿ ಸಾಹೇಬರ ಬಾಗಿಲು ತಟ್ಟಿದರು. ಅವರು ಮಾತಾಡುವ ಮೊದಲೇ ಸಾಹೇಬರು, "ಒಳ್ಳೇ ಹೊತ್ತಿಗೆ ಬಂದ್ರಿ. ಸೋಮವಾರ ಹೊರದೇಶದ ಪರಿಶೀಲಕಿ ಬರ್ತಿದ್ದಾರೆ. ಪ್ರಥಮ ಬಂದ ಯೋಜನೆಯ ಜಾಗ ಕಣ್ಣಾರೆ ನೋಡ್ಬೇಕಂತೆ. ಹದಿನೇಳರಲ್ಲಿ ವಿಳಾಸಾನೇ ಇಲ್ವಲ್ರೀ. ಕೊಟ್ಟೋರು ಯಾರು?" ಎಂದರು.

"ಒಬ್ರು... ಸಾಧಾರಣ ಮನುಷ್ಯ ಸಾರ್."

"ಹೇಗಿದ್ರು?"

"ನನ್ನ ಎತ್ತರಾನೇ ಸಾರ್. ಸಾರ್, ನಿಜ ಹೇಳ್ಬೇಕಂದ್ರೆ ಅದು ನಾನೇ..."

"ನೀವೇ ಹುಡುಕ್ಬೇಕು, ಇನ್ಯಾರು ಹುಡುಕ್ತಾರೆ? ಸೋಮವಾರದೊಳಗೆ ಸಿಗ್ಲಿಲ್ಲ ಅಂದ್ರೆ ನಿಮ್ಮನ್ನ ಹುಡುಕೋ ಹಾಗೆ ಮಾಡ್ತೀನಿ!" ಎಂದು ಸಾಹೇಬರು ದೂರವಾಣಿ ಎತ್ತಿಕೊಂಡರು. ಮೂರುಪ್ರತಿಯವರು ತಮ್ಮ ಮನೆಯ ವಿಳಾಸ ಹುಡುಕಲು ಹೊರಗೆ ಬಂದರು.

ಮನೆಯಲ್ಲಿ ಇನ್ನೊಂದು ಕಷ್ಟ. ತಲೆಯೊಳಗೆ ಗುಯ್ ಎನ್ನುವ ಸದ್ದು ಶುರುವಾಗಿತ್ತು. ಗುಯ್ ಎಂದು ಸ್ವಲ್ಪ ಹೊತ್ತು, ನಿಲ್ಲುತ್ತದೆ, ಮತ್ತೆ ಗುಯ್ ಗುಯ್ ಎಂದು ಜೋರಾಗುತ್ತದೆ, ಕೊನೆಗೆ ಮನೆಯೇ ಅದುರಿದಂತಾಗುತ್ತದೆ.

"ನಿನಗೇನಾದ್ರೂ ಕೇಳಿಸ್ತಿದ್ಯೇನೇ?" ಎಂದು ಹೆಂಡತಿಯನ್ನು ಕೇಳಿದರು.

ಹೆಂಡತಿ ಹಿತ್ತಿಲ ಕಡೆ ಒಮ್ಮೆ ನೋಡಿ, "ಇಲ್ವಲ್ಲ," ಎಂದರು. "ನೀವು ಸ್ವಲ್ಪ ಮಲಗಿ."

"ರಕ್ತ ತಲೆಗೆ ಏರಿದೆ. ನಾನು ಹೋಗ್ತೀನಿ ಅನ್ಸತ್ತೆ."

"ಎಲ್ಲೂ ಹೋಗೋಲ್ಲ. ಒಗೆದ ಅಂಗಿ ಅಲ್ಲಿಟ್ಟಿದ್ದೀನಿ, ಹಾಕ್ಕೊಳ್ಳಿ." ಅಂಗಿ ಅಷ್ಟು ಬೆಳ್ಳಗೆ ಯಾವತ್ತೂ ಇರಲಿಲ್ಲ. ಮೂರುಪ್ರತಿಯವರ ಕಣ್ಣಿಗೆ ಅದು ಬೀಳಲಿಲ್ಲ.

ಕಂಡಕ್ಟರು ಬೇರೆ ಇಡೀ ಬೀದಿಗೆ ಡಂಗುರ ಸಾರಿದ್ದರು. "ನಮ್ಮ ಪಕ್ಕದ ಮನೆಯೋರು ಈಗ ದೇಶದೇಶಕ್ಕೆ ಅಂಕ ಕೊಡೋರು!" ಕ್ಷೌರದಂಗಡಿಯವನು ತನ್ನ ಕತ್ತರಿಗಳಿಗೆ ಅಂತರರಾಷ್ಟ್ರೀಯ ಸಹಕಾರ ಸಿಗಬಹುದೇ ಎಂದು ವಿಚಾರಿಸಿದ. ಬಾಮೈದ ದೂರವಾಣಿ ಮಾಡಿ, "ಭಾವ, ನಮ್ಮ ವಾದ್ಯತಂಡಾನ ಯಾವುದಾದ್ರೂ ತಂಪಾದ ದೇಶಕ್ಕೆ ಸೇರಿಸಿ," ಎಂದ. ಎಲ್ಲರಿಗೂ ಮೂರುಪ್ರತಿಯವರು "ಮೂರು ಪ್ರತಿ ಕೊಡಿ" ಎಂದರು. ಆ ಹೊತ್ತಿನಲ್ಲಿ ಅವರ ಬಾಯಿಗೆ ಬರುತ್ತಿದ್ದ ಮಾತು ಅದೊಂದೇ.

ಶನಿವಾರ ಕಿಟಕಿಯ ಮುಂದೆ ಟೀಚರು ನಿಂತಿದ್ದರು.

"ಪಟ್ಟಿ ಆಯ್ತಂತಲ್ಲ ಸಾರ್. ನಮ್ಮದು..."

ಮೂರುಪ್ರತಿಯವರು ಮೊಹರನ್ನು ಎತ್ತಿ ಒರೆಸಿದರು. ಇಟ್ಟರು. ಮತ್ತೆ ಎತ್ತಿ ಒರೆಸಿದರು. "ಇನ್ನೂ... ಮೇಲೆ ಹೋಗಿಲ್ಲ ಟೀಚರ್. ಸೋಮವಾರ ಪರಿಶೀಲನೆ ಇದೆ."

"ಮಕ್ಕಳು ದಿನಾ ಕೇಳ್ತಾರೆ. ನೀವು ಸರಿ ಇದೆ ಅಂದ್ರಲ್ಲ, ಅದನ್ನೇ ಹೇಳಿದ್ದೀನಿ. ನೀವು ಹೇಳಿದ್ದೀರ ಅಂದ್ಮೇಲೆ ಆಗತ್ತೆ ಅಂತ ಅವರಿಗೆ ಧೈರ್ಯ." ಟೀಚರು ನಕ್ಕು ಬಸ್ಸು ಹಿಡಿಯಲು ಓಡಿದರು. ಮೂರುಪ್ರತಿಯವರು ಕಿಟಕಿ ಮುಚ್ಚಿ, ಮೊಹರನ್ನು ತಮ್ಮ ಅಂಗೈ ಮೇಲೆಯೇ ಒತ್ತಿಕೊಂಡು ಕೂತರು. ನಾಚಿಕೆಯಾಯಿತು. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು.

ಸೋಮವಾರ ಬಂದೇ ಬಂತು. ಪರಿಶೀಲಕಿ ಎತ್ತರದ ಹೆಂಗಸು. ನಮ್ಮ ಭಾಷೆಯನ್ನು ಪುಸ್ತಕದಿಂದಲೇ ಕಲಿತವರು, ಆದ್ದರಿಂದ ಪುಸ್ತಕದ ಹಾಗೆಯೇ ಮಾತಾಡುತ್ತಿದ್ದರು. "ಆ ಏಣಿಯ ವಿಷಯ ನನ್ನ ಮನಸ್ಸನ್ನು ಬಹುವಾಗಿ ಕಲಕಿದೆ," ಎಂದರು ಕಾರು ಹತ್ತುವಾಗ. ಹಿಂದೆ ಅವರು, ಸಾಹೇಬರು, ಪ್ರೊಫೆಸರು. ಮುಂದೆ ಚಾಲಕನ ಪಕ್ಕ ದಾರಿ ತೋರಿಸಲು ಮೂರುಪ್ರತಿಯವರು. ವಿಳಾಸ ಸಿಕ್ಕಿದೆ ಎಂದು ಅವರು ಹೇಳಿದ್ದರು. ಸುಳ್ಳಂತೂ ಅಲ್ಲ.

"ಎಡಕ್ಕೆ," ಎಂದರು ಮೂರುಪ್ರತಿಯವರು. "ಬಲಕ್ಕೆ. ಇನ್ನೂ ಬಲಕ್ಕೆ. ಮತ್ತೆ ಬಲಕ್ಕೆ."

ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು ಕೈಬೀಸಿದ. ಕಾರು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಕ್ಷೌರದಂಗಡಿ ಬಂತು, ಅವನು ಮತ್ತೆ ಕೈಬೀಸಿದ. ಮೂರನೇ ಸಲ ಅವನು ಗಿರಾಕಿಯನ್ನೂ ಹೊರಗೆ ಕರೆತಂದಿದ್ದ. ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡೇ ಅವನೂ ಕೈಬೀಸಿದ.

"ಈ ನಗರದಲ್ಲಿ ಕ್ಷೌರದಂಗಡಿಗಳು ಹೇರಳವಾಗಿವೆ," ಎಂದರು ಪರಿಶೀಲಕಿ.

"ರೀ! ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀರಾ?" ಎಂದು ಸಾಹೇಬರು ಹಲ್ಲು ಕಡಿದರು.

ನಾಲ್ಕನೇ ಸುತ್ತಿಗೆ ಮೂರುಪ್ರತಿಯವರಿಗೆ ತಮ್ಮ ಮನೆಯ ಗೇಟು ಕಂಡಿತು. ಗೋಡೆಯ ಮೇಲೆ ಮೊಣಕೈ ಊರಿ ಕಂಡಕ್ಟರು ನಿಂತಿದ್ದರು. "ನಿಲ್ಸಪ್ಪಾ," ಎಂದರು ಮೂರುಪ್ರತಿಯವರು ಚಾಲಕನಿಗೆ. ಇಳಿದರು. ಗೇಟು ಹಿಡಿದುಕೊಂಡರು.

"ಇದೇ ಸಾರ್ ಜಾಗ. ಇದು ನನ್ನ ಮನೆ."

"ನಿಮ್ಮ ಮನೆಯಾ? ಯೋಜನೆಯ ಜಾಗ ಎಲ್ಲಿ?"

"ಇದೇ ಸಾರ್! ಪೂರ್ವದ ಪಕ್ಷ ನಾನು. ಗಡಿ ಅಂದ್ರೆ ಈ ಗೋಡೆ. ನೀವು ಅಭ್ಯಾಸ ಮಾಡಿ ಅಂದ್ರಲ್ಲ, ನನ್ನ ಹೆಂಡತಿ ಬಟ್ಟೆ ಒಗೆಯೋ ಮಷೀನು ಬೇಕು ಅಂದ್ಲು, ಅದನ್ನೇ ಇಟ್ಕೊಂಡು ಅಭ್ಯಾಸ ಮಾಡ್ದೆ. ಬೆಳಿಗ್ಗೆ ನೋಡ್ದೇನೇ ಮೊಹರು ಹಾಕ್ಬಿಟ್ಟೆ. ನಾನಲ್ಲ, ನನ್ನ ಕೈ ಸಾರ್. ನನ್ನ ಕೆಲಸ ತೆಗೀರಿ, ಏನು ಬೇಕಾದ್ರೂ ಮಾಡಿ. ಆದ್ರೆ ಹದಿನೇಳನ್ನ ಹೊಡೆದು ಹಾಕಿ, ಹನ್ನೊಂದನ್ನ ಮೇಲಕ್ಕೆ ತಗೊಳ್ಳಿ. ಆ ಟೀಚರು ಹೋದ್ಮೇಲೆ ಆ ಮಕ್ಕಳ ಜೊತೆ ಮಾತಾಡೋರು ಯಾರೂ ಇಲ್ಲ ಸಾರ್!"

ಸಾಹೇಬರ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು. ಪ್ರೊಫೆಸರು ತಮ್ಮ ಚಪ್ಪಲಿಯನ್ನೇ ನೋಡತೊಡಗಿದರು. ಪರಿಶೀಲಕಿ ಚೀಲದಿಂದ ಹಾಳೆ ತೆಗೆದು ಕನ್ನಡಕ ಏರಿಸಿದರು.

"ಹಾಗಾದರೆ," ಎಂದರು ನಿಧಾನವಾಗಿ, "ಎರಡು ವರ್ಷಗಳಿಂದ ಏಣಿಯನ್ನು ಹಿಂದಿರುಗಿಸದ ಪಶ್ಚಿಮದ ಪಕ್ಷ ಯಾರು?"

ಎಲ್ಲರ ಕಣ್ಣೂ ಗೋಡೆಯ ಮೇಲಿನ ಮೊಣಕೈಗಳತ್ತ ತಿರುಗಿದವು.

"ಏನಂದ್ರಿ?" ಎಂದು ಕಂಡಕ್ಟರು ಗುಡುಗಿದರು. "ನನಗೆ ಐದಕ್ಕೆ ಎರಡಾ? ಮೂವತ್ತು ವರ್ಷ ಒಬ್ಬ ಪ್ರಯಾಣಿಕನ ಕೊಡೆ ಕೂಡಾ ಬಸ್ಸಲ್ಲಿ ಕಳೀದೆ ಇದ್ದ ನನಗೆ ಎರಡಾ? ಏಣಿ ಬೇಕು ಅಂತ ಒಂದ್ ದಿನ ಬಾಯ್ಬಿಟ್ಟು ಕೇಳಿದ್ದೀರೇನ್ರೀ? ವಿದೇಶದೋರಿಗೆ ದೂರು ಹೇಳ್ಬೇಕಾ?"

ಅದೇ ಹೊತ್ತಿಗೆ ಮೂರುಪ್ರತಿಯವರ ತಲೆಯಲ್ಲಿ ಗುಯ್ ಎಂದಿತು. ಅವರು ಕಿವಿ ಮುಚ್ಚಿಕೊಂಡರು.

"ಆ ಸದ್ದು ಯಾವುದು?" ಎಂದರು ಪರಿಶೀಲಕಿ.

ಮೂರುಪ್ರತಿಯವರು ಬೆಚ್ಚಿ ಬಿದ್ದರು. "ನಿಮಗೂ ಕೇಳ್ಸತ್ತಾ?"

ಎಲ್ಲರಿಗೂ ಕೇಳಿಸುತ್ತಿತ್ತು. ಸದ್ದಿನ ಜಾಡು ಹಿಡಿದು ಹಿತ್ತಿಲಿಗೆ ಹೋದರು. ಗಡಿಯ ಗೋಡೆಯಲ್ಲಿ ಎರಡು ಇಟ್ಟಿಗೆ ತೆಗೆದಿತ್ತು. ಈಚೆಯಿಂದ ನೀರಿನ ಕೊಳವೆ, ಆಚೆಯಿಂದ ವಿದ್ಯುತ್ತಿನ ತಂತಿ. ಗೋಡೆಗೆ ಒರಗಿ, ಹೊಟ್ಟೆ ತುಂಬ ಅಂಗಿ ತುಂಬಿಕೊಂಡು, ಬಟ್ಟೆ ಒಗೆಯುವ ಯಂತ್ರ ಗಡಗಡ ನಡುಗುತ್ತಾ ಗಿರಗಿರ ತಿರುಗುತ್ತಿತ್ತು. ಅದು ಓಡಿಹೋಗದಂತೆ ಎರಡೂ ಮನೆಯ ಯಜಮಾನಿಯರು ಆಚೆಯಿಂದ ಗೋಡೆಯ ಮೇಲೆ ಬಾಗಿ ಒಬ್ಬರು, ಈಚೆಯಿಂದ ಒಬ್ಬರು ಒತ್ತಿ ಹಿಡಿದಿದ್ದರು.

"ಗುರುವಾರಾನೇ ಬಂತು ರೀ," ಎಂದರು ಹೆಂಡತಿ, ಯಂತ್ರ ಬಿಡದೆ. "ತೀರ್ಮಾನ ಆಗೋವರೆಗೆ ಮೊಳೆ ಹೊಡೆಯೋ ಹಾಗಿಲ್ಲ ಅಂದ್ರಲ್ಲ. ಮೊಳೆ ಹೊಡ್ದಿಲ್ಲ. ಇಟ್ಟಿಗೆ ತೆಗೆದ್ವಿ ಅಷ್ಟೆ. ನೀವು ಅಂಕ ಕೊಟ್ಟು ಮುಗ್ಸೋ ಹೊತ್ತಿಗೆ ನಮ್ಮ ಸೊಂಟ ಇರ್ಬೇಕಲ್ಲ."

ಪರಿಶೀಲಕಿ ಹಾಳೆಯನ್ನೂ ಯಂತ್ರವನ್ನೂ ನೋಡಿದರು. "ಅಮ್ಮಾ, ಯಾರ ಬಟ್ಟೆಗೆ ಮೊದಲ ಆದ್ಯತೆ?"

"ಯಾರದ್ದು ಹೆಚ್ಚು ಕೊಳೆಯಾಗಿದ್ಯೋ ಅವರದ್ದು," ಎಂದರು ಕಂಡಕ್ಟರ ಹೆಂಡತಿ ಆಚೆಯಿಂದ. "ಅದಕ್ಕೆ ಯಾವಾಗ್ಲೂ ನಮ್ಮನೆಯೋರದ್ದೇ ಮೊದಲು."

"ನಮ್ಮ ನೆರವು ನಿಂತ ಮೇಲೆ ಇದನ್ನು ಹೇಗೆ ಮುಂದುವರಿಸುವಿರಿ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ನಿಮ್ಮ ನೆರವಾ? ಯಾರು ಕೇಳಿದ್ರು ತಾಯಿ?" ಎಂದರು ಹೆಂಡತಿ. "ಬಂದಿದ್ದೀರಲ್ಲ, ಈ ಕಡೆ ಸ್ವಲ್ಪ ಒತ್ತಿ ಹಿಡ್ಕೊಳ್ಳಿ, ಚಹಾ ಮಾಡಿ ತರ್ತೀನಿ."

ಹೊರದೇಶದ ಪರಿಶೀಲಕಿ ಚೀಲ ಕೆಳಗಿಟ್ಟು ಯಂತ್ರವನ್ನು ಒತ್ತಿ ಹಿಡಿದರು. ಸಾಹೇಬರು ಮೂರುಪ್ರತಿಯವರನ್ನು ನುಂಗುವಂತೆ ನೋಡಿದರು. ಆದರೆ ನಾಲ್ಕು ಸಹಿಗಳ ಕೆಳಗೆ ಐದನೆಯದಾಗಿ ತಮ್ಮ ಸಹಿಯೂ ಇದೆಯೆಂದು ಅಷ್ಟರಲ್ಲಿ ನೆನಪಾಗಿ, ಆ ನೋಟವನ್ನು ಅರ್ಧದಲ್ಲೇ ವಾಪಸು ತೆಗೆದುಕೊಂಡರು.

"ಮಹಾಶಯರೇ," ಎಂದರು ಪರಿಶೀಲಕಿ, ಧ್ವನಿ ಯಂತ್ರದ ಜೊತೆ ನಡುಗುತ್ತಿತ್ತು. "ಈ ಯೋಜನೆ ನೆರವಿಲ್ಲದೆಯೇ ಪೂರ್ಣಗೊಂಡಿದೆ ಎಂದು ಬರೆದುಕೊಳ್ಳಿ. ಪಟ್ಟಿಯಿಂದ ಕೈಬಿಡಿ. ಆ ಹನ್ನೊಂದನೆಯದರ ಬಗ್ಗೆ ತಮ್ಮಲ್ಲಿ ಯಾರು ಬಲ್ಲರು?"

ಸಾಹೇಬರು ಪ್ರೊಫೆಸರ ಮುಖ ನೋಡಿದರು. ಪ್ರೊಫೆಸರು ಕೊಳವೆಯ ಮುಖ ನೋಡಿದರು.

"ನಲವತ್ತೆರಡು ಪುಟ ಮೇಡಂ," ಎಂದರು ಮೂರುಪ್ರತಿಯವರು. "ಪುಟಸಂಖ್ಯೆ ಪೆನ್ಸಿಲಲ್ಲಿದೆ. ಏಳನೇ ಪುಟದಲ್ಲಿ ಮಕ್ಕಳ ಹೆಸರಿದೆ. ಹದಿನಾಲ್ಕು ಮಕ್ಕಳು." ಒಂದಾದ ಮೇಲೊಂದರಂತೆ ನಲವತ್ತೆರಡು ಪುಟವನ್ನೂ ಹೇಳಿದರು. ಚಹಾ ಬಂತು, ಕುಡಿದದ್ದಾಯಿತು, ಯಂತ್ರ ನಿಂತಿತು. ಪರಿಶೀಲಕಿ ಗಡಿಯಾರ ನೋಡಿ, "ಇನ್ನೂ ಸಮಯವಿದೆ. ಅಲ್ಲಿಗೆ ಹೋಗೋಣ. ಈ ಸಲ ಒಂದೇ ಕ್ಷೌರದಂಗಡಿಯ ಮುಂದೆ ಹೋಗೋಣ," ಎಂದರು.

ಶಾಲೆಯಲ್ಲಿ ಪರಿಶೀಲಕಿಯ ಪುಸ್ತಕದ ಭಾಷೆ ಏನೂ ಕೆಲಸಕ್ಕೆ ಬರಲಿಲ್ಲ. ಮಕ್ಕಳು ಕೈಯಲ್ಲಿ ಕೇಳಿದರು, ಟೀಚರು ಬಾಯಲ್ಲಿ ಹೇಳಿದರು, ಉತ್ತರವನ್ನು ಮತ್ತೆ ಕೈಗೆ ದಾಟಿಸಿದರು. ನಡುವೆ ಟೀಚರು ನೀರು ಕುಡಿಯಲು ಹೊರಗೆ ಹೋದರು. ಹೋದದ್ದು ಒಂದು ನಿಮಿಷ. ಆ ಒಂದು ನಿಮಿಷ ಕೋಣೆಯಲ್ಲಿ ಹದಿನಾಲ್ಕು ಮಕ್ಕಳೂ ನಾಲ್ವರು ದೊಡ್ಡವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿದ್ದರು, ಯಾರಿಗೂ ಒಂದು ಮಾತು ಆಡಲಾಗಲಿಲ್ಲ. ಟೀಚರು ಹಿಂದಿರುಗಿದಾಗ ಪರಿಶೀಲಕಿ ಹಾಳೆಯ ಮೇಲೆ ಆಗಲೇ ಏನೋ ಬರೆದು ಗೆರೆ ಎಳೆದಿದ್ದರು. ಗೆರೆ ಈಗ ಹನ್ನೊಂದರ ಕೆಳಗಿತ್ತು.

ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಮೂರುಪ್ರತಿಯವರತ್ತ ತೋರಿಸಿ ಮೂರು ಬೆರಳು ಎತ್ತಿದಳು. ಆಮೇಲೆ ಮುಷ್ಟಿಯನ್ನು ಅಂಗೈ ಮೇಲೆ ಕುಟ್ಟಿದಳು.

"ಏನಂತೆ?" ಎಂದರು ಮೂರುಪ್ರತಿಯವರು ಗಾಬರಿಯಿಂದ.

ಟೀಚರು ನಾಚಿಕೊಂಡರು. "ಇವರೇನಾ ಅವರು ಅಂತ ಕೇಳ್ತಿದ್ದಾಳೆ ಸಾರ್. ಮಕ್ಕಳು ನಿಮಗೆ ಇಟ್ಟಿರೋ ಹೆಸರು ಅದು."

ಮೂರುಪ್ರತಿಯವರು ಕರವಸ್ತ್ರ ತೆಗೆದರು. ಅದೂ ಬೆಳ್ಳಗಿತ್ತು.

ಮರುದಿನ ಅವರನ್ನು ಮೌಲ್ಯಮಾಪಕರ ಹುದ್ದೆಯಿಂದ ಬಿಡುಗಡೆ ಮಾಡಿ ಕಿಟಕಿಗೆ ವಾಪಸು ಕಳಿಸಿದರು. ಕಾರಣವನ್ನು ಯಾರೂ ಬರೆಯಲಿಲ್ಲ, ಬರೆದರೆ ಐದು ಸಹಿಗಳ ಕತೆಯೂ ಬರೆಯಬೇಕಾಗುತ್ತಿತ್ತು. ಮೂರುಪ್ರತಿಯವರಿಗೆ ಹೊಟ್ಟೆ ತುಂಬ ಹಸಿವಾಯಿತು.

ಸಂಜೆ ಗೇಟಿನಲ್ಲಿ ಏನೋ ಬಡಿದ ಸದ್ದು. ಕಂಡಕ್ಟರು ಏಣಿ ಹೊತ್ತು ಬಂದಿದ್ದರು. ಹಿಂದೆ ಅವರ ಹೆಂಡತಿ, ತಪ್ಪಿಸಿಕೊಳ್ಳದಂತೆ ಕಾವಲಿಗೆ.

"ತಗೊಳ್ಳಿ ನಿಮ್ಮ ಏಣಿ!" ಎಂದು ಕಂಡಕ್ಟರು ಗೋಡೆಗೆ ಒರಗಿಸಿದರು. "ಈಗ ಆ ಎರಡನ್ನ ಐದು ಮಾಡಿ. ಬೀದೀಲಿ ತಲೆ ಎತ್ತೋಕಾಗ್ತಿಲ್ಲ. ಆ ಕ್ಷೌರದಂಗಡಿಯೋನು ನನ್ನ ಎರಡು ಅಂಕ ಅಂತ ಕರೀತಾನೆ!"

ಮೂರುಪ್ರತಿಯವರು ಏಣಿಯನ್ನು ಕೆಳಗಿನಿಂದ ಮೇಲಿನವರೆಗೆ ಎಣಿಸಿದರು. ಪುಟ ಎಣಿಸಿದ ಹಾಗೆಯೇ, ಬೆರಳಿಟ್ಟು. "ಮೂರು," ಎಂದರು.

"ಮೂರಾ! ಯಾಕ್ರೀ?"

"ಮೇಲಿಂದ ಎರಡನೇ ಮೆಟ್ಟಿಲು ಇಲ್ಲ."

ಕಂಡಕ್ಟರು ಹೆಂಡತಿಯ ಮುಖ ನೋಡಿದರು. ಆ ಮೆಟ್ಟಿಲಿಗೂ ಅವರ ಮಂಚದ ನಾಲ್ಕನೇ ಕಾಲಿಗೂ ಏನೋ ಸಂಬಂಧ ಇದ್ದಿರಬೇಕು. "ಆಯ್ತಪ್ಪಾ, ಮೂರೇ ಇರ್ಲಿ," ಎಂದರು, ಜೀವಮಾನದಲ್ಲಿ ಮೊದಲ ಸಲ ಮೆತ್ತಗೆ. "ವಾಪಸ್ ಕೊಟ್ಟಿದ್ದೀನಿ ಅಂತ ಬರೆದು ಸಹಿ ಹಾಕ್ಕೊಡಿ ಮತ್ತೆ. ಎಷ್ಟು ಪ್ರತಿ ಮಾಡ್ತೀರಾ?"

ಮೂರುಪ್ರತಿಯವರು ಮೂರು ಬೆರಳು ಎತ್ತಿದರು. ಆಮೇಲೆ ಮುಷ್ಟಿಯನ್ನು ಅಂಗೈ ಮೇಲೆ ಠಪ್ಪೆಂದು ಕುಟ್ಟಿದರು.